ಬ್ಲ್ಯಾಕ್ ಟ್ಯಾಂಕ್ ಯಾರದು?

ಮೂರು ವಾರ ನಮ್ಮ ಮನೆಯಲ್ಲಿ ಒಂದು ಖಾಲಿ ಚೌಕಕ್ಕಾಗಿ ಜಗಳ ನಡೆಯಿತು. ಅದು ನನ್ನ ಗಂಡ ಶ್ರೀಧರ ಪ್ರವಾಸಕ್ಕೆಂದು ಮಾಡಿದ್ದ ಸ್ಪ್ರೆಡ್‌ಶೀಟಿನ ಚೌಕ. ಡ್ರೈವಿಂಗ್ ಯಾರು? ಶ್ರೀಧರ. ಅಡುಗೆ ಯಾರು? ನಾನು (ಕೇಳಬೇಕೇ!). ಮ್ಯಾಪು, ಟಾರ್ಚು, ಕರಡಿ ಬಂದರೆ ಓಡಿಸುವ ಸ್ಪ್ರೇ? ಮಗಳು ಅದಿತಿ. ಬ್ಲ್ಯಾಕ್ ಟ್ಯಾಂಕ್ ಯಾರು?

ಖಾಲಿ.

ಬ್ಲ್ಯಾಕ್ ಟ್ಯಾಂಕ್ ಎಂದರೇನು ಎಂದು ಆಮೇಲೆ ಹೇಳುತ್ತೇನೆ. ಕಾಫಿ ಕುಡಿಯುತ್ತ ಓದುತ್ತಿದ್ದರೆ ಮೊದಲು ಅದನ್ನು ಮುಗಿಸಿಬಿಡಿ.

ಅದಿತಿಯ ಹೈಸ್ಕೂಲು ಮುಗಿಯಿತು. ಅಮೆರಿಕದ ನಮ್ಮ ಊರು ಶ್ಯಾಂಟಿಲಿಯಲ್ಲಿ ಮಕ್ಕಳ ಹೈಸ್ಕೂಲು ಮುಗಿದರೆ ಗ್ರಾಜುಯೇಶನ್ ಪಾರ್ಟಿ ಕೊಡದೆ ಬಿಡುವ ಹಾಗಿಲ್ಲ. ಬಾಡಿಗೆ ಹಾಲು, ನೂರೈವತ್ತು ಜನ, ಬಿಸಿಬೇಳೆಬಾತು, ಮಗು ಡೈಪರಿನಲ್ಲಿದ್ದಾಗಿನ ಫೋಟೋಗಳ ಸ್ಲೈಡ್ ಶೋ. ಅದಿತಿ ಕೈ ಮುಗಿದಳು.

"ಅಮ್ಮಾ, ಪಾರ್ಟಿ ಬೇಡ, ಪ್ಲೀಸ್. ನಾವು ಮೂರೇ ಜನ ಎಲ್ಲಾದ್ರೂ ಹೋಗೋಣ. ರಿಯಲ್ ಮೌಂಟನ್ಸ್. ನೋ ಸಿಗ್ನಲ್. ನಿಮ್ ಫೋನ್ ವರ್ಕ್ ಆಗ್ಬಾರ್ದು. ಮೂರು ರಾತ್ರಿ. ದಟ್ಸ್ ಆಲ್ ಐ ವಾಂಟ್."

ಆಗಸ್ಟಿನಲ್ಲಿ ಅವಳು ಅಟ್ಲಾಂಟಾಕ್ಕೆ ಹೊರಡುತ್ತಾಳೆ, ಕಾಲೇಜಿಗೆ. ಹದಿನೆಂಟು ವರ್ಷದಲ್ಲಿ ಅವಳು ಅಪ್ಪ ಅಮ್ಮ ಇಬ್ಬರನ್ನೂ ಫೋನಿಲ್ಲದೆ ನೋಡಿರುವುದು ಬಹುಶಃ ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ, ಅದೂ ಮಂಗಳಾರತಿಯ ಹೊತ್ತಿನಲ್ಲಿ. ಹುಡುಗಿ ಕೇಳಿದ್ದೇ ಇದೊಂದು. ಆಗಲಿ ಪುಟ್ಟಾ ಎಂದೆ.

ಶ್ರೀಧರ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ. ಆ ರಾತ್ರಿಯೇ ಜಾಗ ಹುಡುಕಿದ. ವೆಸ್ಟ್ ವರ್ಜೀನಿಯಾದ ಬೆಟ್ಟದ ಮೇಲೆ ಸರ್ಕಾರದ ಕಾಡು. ಗಾಡಿ ತಂದು ನಿಲ್ಲಿಸಿಕೊಂಡು ಇದ್ದುಬಿಡಬಹುದು. ನೀರಿಲ್ಲ, ಕರೆಂಟಿಲ್ಲ, ಪಕ್ಕದಲ್ಲಿ ಅಂಕಲ್ ಆಂಟಿಯರಿಲ್ಲ. ಅಲ್ಲಿಗೆ ಆರ್‌ವಿ ಬಾಡಿಗೆಗೆ ತೆಗೆದುಕೊಳ್ಳುವುದು. ಆರ್‌ವಿ ಎಂದರೆ ಒಂದು ಸಣ್ಣ ಬಸ್ಸಿನೊಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ತುರುಕಿದ ಗಾಡಿ. ಗಾಡಿಯ ಜನರೇಟರು ಮಿಕ್ಸಿಯನ್ನು ತಡೆದುಕೊಳ್ಳುತ್ತದೆಯೇ ಎಂದು ನಾನು ಕೇಳಿದೆ. (ನಗಬೇಡಿ. ಬೆಟ್ಟದ ಮೇಲಾದರೇನು, ಕಾಯಿ ಚಟ್ನಿ ಬೇಡವೇ?)

ಎಲ್ಲ ಚೆನ್ನಾಗಿಯೇ ಇತ್ತು, ಶಬಾನಾಗೆ ಫೋನ್ ಮಾಡುವವರೆಗೆ. ಶಬಾನಾ ನಮ್ಮ ಬೀದಿಯವಳೇ, ನನ್ನ ಹಾಗೆ ಮೈಸೂರಿನವಳು. ಹೋದ ವರ್ಷ ಮನೆಯವರೊಂದಿಗೆ ಆರ್‌ವಿಯಲ್ಲಿ ಸುತ್ತಿ ಬಂದಿದ್ದಳು.

"ಎಲ್ಲಾ ಸರಿ ಕಣೇ, ಬ್ಲ್ಯಾಕ್ ಟ್ಯಾಂಕ್ ಯಾರು ಖಾಲಿ ಮಾಡ್ತೀರಾ?" ಅಂದಳು.

"ಹಾಗಂದ್ರೆ?"

"ಅಯ್ಯೋ, ಗಾಡೀಲಿ ಟಾಯ್ಲೆಟ್ ಇರತ್ತಲ್ಲ, ಅದೆಲ್ಲಾ ಎಲ್ಲಿಗೆ ಹೋಗತ್ತೆ ಅನ್ಕೊಂಡೆ? ಕೆಳಗಿರೋ ಟ್ಯಾಂಕಿಗೆ. ಡಂಪ್ ಸ್ಟೇಷನ್‌ಗೆ ಹೋಗಿ, ಪೈಪ್ ಹಾಕಿ, ನೀವೇ ಖಾಲಿ ಮಾಡ್ಬೇಕು. ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ. ನಮ್ಮನೇಲಿ ಇದಕ್ಕೇ ಎರಡು ದಿನ ಮಾತಿರ್ಲಿಲ್ಲ."

ಫೋನ್ ಇಟ್ಟೆ. ವಿಷಯ ತಿಳಿಸಿದೆ. ಶ್ರೀಧರ ಹೊಸ ಸಾಲು ಸೇರಿಸಿದ. ಹೆಸರು ಮಾತ್ರ ಬರೆಯಲಿಲ್ಲ.

"ನನ್ ಬೆನ್ನು ನಿನಗೆ ಗೊತ್ತಲ್ಲ," ಅಂದ.

"ಗೊತ್ತು ರೀ. ಶನಿವಾರ ಕ್ರಿಕೆಟ್ ಆಡೋವಾಗ ಎಷ್ಟು ಚೆನ್ನಾಗಿ ಬಗ್ಗತ್ತೆ ಅನ್ನೋದೂ ಗೊತ್ತು."

"ಹಾಗಾದ್ರೆ ನೀನೇ ಮಾಡು."

"ನಾನು ಅಡುಗೆ ಮಾಡೋಳು! ಅದೇ ಕೈಲಿ?"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಯಾರೂ ಇಲ್ಲ. ಆದ್ದರಿಂದ ನಾವು ಬೆಕ್ಕನ್ನೇ ಬದಲಾಯಿಸಲು ಹೊರಟೆವು.

ಮೊದಲ ಉಪಾಯ ನನ್ನದೇ. ಟಾಯ್ಲೆಟ್ ಇದ್ದರೂ ಬಳಸದಿದ್ದರಾಯಿತು! ದಾರಿಯುದ್ದಕ್ಕೂ ಇರುವ ರೆಸ್ಟ್‌ರೂಮುಗಳ ಪಟ್ಟಿಯನ್ನು ಶ್ರೀಧರ ತಯಾರಿಸಿದ. ಅದರ ಪ್ರಕಾರ ನಮ್ಮ ಬೆಟ್ಟಕ್ಕೆ ಅತ್ಯಂತ ಹತ್ತಿರದ ರೆಸ್ಟ್‌ರೂಮ್ ಮೂವತ್ತೆಂಟು ಮೈಲಿ. ಅಷ್ಟು ದೂರ ತಡೆದುಕೊಳ್ಳುವ ವಯಸ್ಸು ನಮ್ಮದಲ್ಲ. ಹಾಗಾಗಿ ಕಾಡು ಬಿಟ್ಟು, ಕೊಳವೆ ಜೋಡಿಸಿದರೆ ಎಲ್ಲವೂ ಹರಿದುಹೋಗುವಂಥ ಕ್ಯಾಂಪ್‌ಗ್ರೌಂಡ್ ನೋಡಿದೆವು. ಆ ಕೊಳವೆ ಜೋಡಿಸುವವರು ಯಾರು? ಮತ್ತೆ ಜಗಳ. ಮುಂದಿನ ವಾರ ಆರ್‌ವಿಯೇ ಬೇಡ, ಕ್ಯಾಬಿನ್ ಸಾಕು ಎಂದಾಯಿತು. ಅದರ ಫೋಟೋದಲ್ಲಿ ಬಚ್ಚಲು ಸ್ವಲ್ಪ ಹಳೆಯದಾಗಿ ಕಂಡಿತು. ಕೊನೆಗೆ ಶ್ರೀಧರ ಒಂದು ಹೋಟೆಲ್ ಬುಕ್ ಮಾಡಿದ. ಮೌಂಟನ್ ವ್ಯೂ, ಬೆಳಗಿನ ತಿಂಡಿ ಉಚಿತ, ವೈಫೈ ಅಂತೂ ಕೇಳಲೇಬೇಡಿ.

ಅದಿತಿ ಸ್ಪ್ರೆಡ್‌ಶೀಟ್ ನೋಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಇಟ್ಸ್ ಓಕೆ. ಪಾರ್ಟೀನೇ ಮಾಡಿ," ಎಂದು ರೂಮಿಗೆ ಹೋದಳು.

ನನಗೆ ಕಸಿವಿಸಿ. ಊಟಕ್ಕೆ ಕರೆದರೆ ಹಸಿವಿಲ್ಲ ಅಂದಳು. ಮಾರನೆಯ ಬೆಳಿಗ್ಗೆ ನಾನೇ ಶ್ರೀಧರನಿಗೆ ಹೇಳಿದೆ: ರೀ, ಹೋಟೆಲ್ ಕ್ಯಾನ್ಸಲ್ ಮಾಡಿ, ಗಾಡಿ ಒಮ್ಮೆ ನೋಡಿಯಾದರೂ ಬರೋಣ.

ಶನಿವಾರ ಹೋದೆವು. ಗಾಡಿಯ ಒಡತಿ ಪೆಗ್ಗಿ ಎಂಬ ಅಜ್ಜಿ. ಎಪ್ಪತ್ತು ದಾಟಿರಬೇಕು. ತುಟಿಗೆ ಲಿಪ್‌ಸ್ಟಿಕ್, ಕಾಲಿಗೆ ರಬ್ಬರ್ ಬೂಟು. ಯಾರೋ ಆಗತಾನೇ ಗಾಡಿ ವಾಪಸು ತಂದು ಬಿಟ್ಟಿದ್ದರಂತೆ, ಟ್ಯಾಂಕ್ ತುಂಬಿಸಿಕೊಂಡೇ. "ಒಳ್ಳೇದೇ ಆಯ್ತು, ಬನ್ನಿ, ತೋರಿಸಿಬಿಡ್ತೀನಿ," ಎಂದು ಅಜ್ಜಿ ಗ್ಲೌಸ್ ಹಾಕಿಕೊಂಡಳು.

ನಾವಿಬ್ಬರೂ ಎರಡು ಹೆಜ್ಜೆ ಹಿಂದೆ ಸರಿದೆವು. ಅದಿತಿ ಎರಡು ಹೆಜ್ಜೆ ಮುಂದೆ ಹೋದಳು.

ಅಜ್ಜಿ ಮನೆಯ ಹಿಂದಿನ ಸೆಪ್ಟಿಕ್ ಗುಂಡಿಯ ಬಾಯಿಗೆ ಪೈಪಿನ ಒಂದು ತುದಿ ಸಿಕ್ಕಿಸಿದಳು, ಇನ್ನೊಂದು ತುದಿಯನ್ನು ಗಾಡಿಗೆ ತಿರುಗಿಸಿ ಕೂರಿಸಿದಳು, ಹಿಡಿ ಎಳೆದಳು. ಗೊಳಗೊಳ ಸದ್ದು. ಅಷ್ಟರಲ್ಲೇ ಮೊಮ್ಮಗನ ಮದುವೆಯ ವಿಷಯ ಹೇಳಿದಳು, ಹುಡುಗಿ ತನಗೆ ಅಷ್ಟು ಹಿಡಿಸಿಲ್ಲ ಎನ್ನುವುದನ್ನೂ ಹೇಳಿದಳು. ಪೈಪಿಗೆ ನೀರು ಬಿಟ್ಟು ತೊಳೆದು, ಮಡಚಿ ಇಟ್ಟಳು. ಶ್ರೀಧರ ಅಭ್ಯಾಸಬಲದಿಂದ ವಾಚು ನೋಡಿಕೊಂಡಿದ್ದ. ಎಂಟು ನಿಮಿಷ.

ಗ್ಲೌಸ್ ಬಿಚ್ಚಿ, ಸೋಪು ಹಾಕಿ ಮೊಳಕೈವರೆಗೂ ತೊಳೆದು, ಒಳಗೆ ಹೋಗಿ ಒಂದು ತಟ್ಟೆ ಕುಕೀಸ್ ತಂದಳು. ತಾನೇ ಬೇಯಿಸಿದ್ದಂತೆ.

"ಈಗ ತಾನೇ ಲಂಚ್ ಆಯ್ತು," ಎಂದ ಶ್ರೀಧರ. ಗಂಟೆ ಹತ್ತೂವರೆ.

"ನನಗೆ ಶುಗರ್," ಎಂದೆ ನಾನು. (ನನಗೆ ಶುಗರ್ ಇಲ್ಲ.)

ಅದಿತಿ ಎರಡು ತಿಂದಳು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಕಾರು ಹತ್ತಿದಳು.

ಹೈವೇಗೆ ಬಂದೆವು. ಆಮೇಲೆ ಹಿಂದಿನ ಸೀಟಿನಿಂದ ಶುರುವಾಯಿತು.

"ಅಮ್ಮಾ, ಯು ಡೋಂಟ್ ಹ್ಯಾವ್ ಡಯಾಬಿಟೀಸ್."

"ಹೂಂ."

"ಅವ್ರು ಕೈ ತೊಳೆದ್ರು. ನೀವು ನೋಡಿದ್ರಿ."

"ನೋಡಿದೆ ಪುಟ್ಟಾ."

"ಮೈಸೂರಲ್ಲಿ ನಿಮ್ ಮನೇಲಿ ಈ ಕೆಲಸ ಯಾರು ಮಾಡ್ತಿದ್ರು?"

ಒಬ್ಬ ಬರುತ್ತಿದ್ದ ಎಂದೆ. ನಮ್ಮ ಮನೆಯ ಗುಂಡಿ ಕಟ್ಟಿಕೊಂಡಾಗ ಹೇಳಿ ಕಳಿಸುತ್ತಿದ್ದರು. ಮುಂಬಾಗಿಲಿಂದ ಬರುವಂತಿರಲಿಲ್ಲ, ಪಕ್ಕದ ಓಣಿಯಿಂದ ಹಿತ್ತಿಲಿಗೆ ಬರಬೇಕು. ಅವನಿಗೆ ಗ್ಲೌಸೂ ಇರಲಿಲ್ಲ, ಬೂಟೂ ಇರಲಿಲ್ಲ. ಕೆಲಸ ಮುಗಿದ ಮೇಲೆ ನಮ್ಮಜ್ಜಿ ಕೊಡದಿಂದ ಅವನ ಕೈಗೆ ದೂರದಿಂದ ನೀರು ಹೊಯ್ಯುತ್ತಿದ್ದರು. ಕಾಫಿಗೆ ಒಂದು ಬೇರೆ ಲೋಟ, ಅದು ಕಾಂಪೌಂಡ್ ಗೋಡೆಯ ಸಂದಿನಲ್ಲೇ ಇರುತ್ತಿತ್ತು. ಇಷ್ಟನ್ನೂ ಮಗಳಿಗೆ ಹೇಳುತ್ತ ಹೋದಂತೆ ನನ್ನ ಧ್ವನಿ ನನಗೇ ಕೇಳಿಸದಷ್ಟು ಸಣ್ಣದಾಯಿತು.

"ವಾಟ್ ವಾಸ್ ಹಿಸ್ ನೇಮ್?"

ಹಾಲಿನವನು ಸಿದ್ದಪ್ಪ. ಹೂವಿನವಳು ಜಯಮ್ಮ. ಪಕ್ಕದ ಮನೆಯ ನಾಯಿ ಟೈಗರ್. ಇವನ ಹೆಸರು? ಗೊತ್ತಿಲ್ಲ. ಮರೆತದ್ದಲ್ಲ, ಕೇಳಿಯೇ ಇರಲಿಲ್ಲ. ಶ್ರೀಧರನ ಕಡೆ ನೋಡಿದೆ. ಅವನೂ ಜಯನಗರದ ತನ್ನ ಮನೆಯ ಹಿತ್ತಿಲಲ್ಲಿ ಯಾರನ್ನೋ ಹುಡುಕುತ್ತಿರುವವನಂತೆ ರಸ್ತೆ ನೋಡುತ್ತಿದ್ದ. ನಾಚಿಕೆಯಾಯಿತು. ಮಗಳ ಮುಂದೆ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ಫೈನ್, ನಾನೇ ಮಾಡ್ತೀನಿ. ಐ ಲರ್ನ್ಡ್ ಇಟ್," ಎಂದಳು ಅದಿತಿ.

"ಛೆ ಛೆ, ನೀನ್ಯಾಕೆ!" ಇಬ್ಬರೂ ಒಟ್ಟಿಗೆ ಕೂಗಿದೆವು.

"ಮತ್ತೆ ಯಾರು?"

ಮನೆಗೆ ಬಂದು ಶ್ರೀಧರ ಶೂ ಕೂಡ ಬಿಚ್ಚದೆ ಲ್ಯಾಪ್‌ಟಾಪ್ ತೆರೆದು ತನ್ನ ಹೆಸರು ಹಾಕಿದ. ನಾನು ಅದನ್ನು ಅಳಿಸಿ ನನ್ನದು ಹಾಕಿದೆ. ಅವನು ಮತ್ತೆ ತನ್ನದು ಸೇರಿಸಿದ. ಈಗ ಇಬ್ಬರದೂ ಇದೆ. ಆರ್‌ವಿ ಬುಕ್ ಆಗಿದೆ, ಹೋಗುವ ಜಾಗ ಮೊದಲಿನ ಬೆಟ್ಟಕ್ಕೇ ವಾಪಸು ಹತ್ತಿದೆ, ಮುಂದಿನ ಶುಕ್ರವಾರ ಹೊರಡುತ್ತೇವೆ. ನಮ್ಮ ಫೋನು ಹತ್ತುವುದಿಲ್ಲ, ಪ್ರಯತ್ನಿಸಬೇಡಿ. ವಾಪಸು ಬರುವ ದಾರಿಯಲ್ಲಿ ನಮ್ಮ ಎಂಟು ನಿಮಿಷ ಕಾದಿದೆ. ಭಯ ಇಲ್ಲವೆಂದರೆ ಸುಳ್ಳಾಗುತ್ತದೆ. ನಾನು ಈಗಾಗಲೇ ಮೂರು ಜೊತೆ ಗ್ಲೌಸ್ ತಂದಿಟ್ಟಿದ್ದೇನೆ, ಒಂದರ ಮೇಲೊಂದು ಹಾಕಿಕೊಳ್ಳಲು.

ಆದರೂ ಒಂದು ಪ್ರಶ್ನೆ ಬಿಡುತ್ತಿಲ್ಲ. ಬರೀ ಎಂಟು ನಿಮಿಷದ ಈ ಕೆಲಸ ತಪ್ಪಿಸಿಕೊಳ್ಳಲು ನಾವು ಎಷ್ಟು ತಲೆಮಾರುಗಳ ಜನರನ್ನು ಹೆಸರೂ ಕೇಳದೆ ಹಿತ್ತಿಲಲ್ಲಿ ನಿಲ್ಲಿಸಿದೆವು?