ಪ್ರಶ್ನೆಯಕ್ಕ ವಾಪಸು ಕೇಳಿದ ಮಾತುಗಳು

ನಮ್ಮ ಕಾಲೇಜಿನ ಸುದ್ದಿಪತ್ರಿಕೆಯನ್ನು ಯಾರೂ ಓದುವುದಿಲ್ಲವೆಂದು ಹನ್ನೊಂದು ವರ್ಷ ನಂಬಿಕೊಂಡು ಬಂದವನು ನಾನು. ವಿಶ್ವವಿದ್ಯಾಲಯದ ವರ್ತನಾ ಮತ್ತು ಸಮುದಾಯ ವಿಜ್ಞಾನಗಳ ಕಾಲೇಜಿನಲ್ಲಿ ತಿಂಗಳಿಗೊಮ್ಮೆ ಎಂಟು ಪುಟ ಜೋಡಿಸುವುದು ನನ್ನ ಕೆಲಸ. ಯಾರು ಎಲ್ಲಿ ಭಾಷಣ ಮಾಡಿದರು, ಯಾರಿಗೆ ಪ್ರಶಸ್ತಿ ಬಂತು, ಯಾವ ವಿಚಾರಗೋಷ್ಠಿಯಲ್ಲಿ ಯಾರು ಯಾರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು, ಇಷ್ಟೇ. ಒಂದು ಬೆಳಗ್ಗೆ ಪ್ರಶ್ನೆಯಕ್ಕ ಬಂದು ಆ ತಿಂಗಳ ಸಂಚಿಕೆಯನ್ನು ನನ್ನ ಮೇಜಿನ ಮೇಲೆ ಹರವಿಟ್ಟಾಗ ಆ ನಂಬಿಕೆ ಮುರಿಯಿತು.

ಅವರಿಗೆ ಆ ಹೆಸರಿಟ್ಟವರು ಕಾಲೇಜಿನ ಹಿಂದಿನ ವಸತಿ ಕಟ್ಟಡಗಳ ಹೆಂಗಸರು. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅವರು ತಾತ್ಕಾಲಿಕ ಕ್ಷೇತ್ರ ಸಹಾಯಕಿ. ಮೂರು ತಿಂಗಳ ಕೆಲಸಕ್ಕೆಂದು ಬಂದು ಹತ್ತೊಂಬತ್ತು ವರ್ಷ ತಾತ್ಕಾಲಿಕವಾಗಿಯೇ ಉಳಿದವರು. ಅದಕ್ಕೆ ಮೊದಲು ಒಂದು ಬಟ್ಟೆ ಒಗೆಯುವ ಅಂಗಡಿಯ ಕೌಂಟರಿನಲ್ಲಿದ್ದರು. ಗಿರಾಕಿಗಳ ಜೇಬಿನಲ್ಲಿ ಸಿಕ್ಕಿದ್ದನ್ನು ನೋಡಿಯೂ ನೋಡದ ಹಾಗೆ ಲಕೋಟೆಗೆ ಹಾಕಿ ಹಿಂತಿರುಗಿಸುವುದನ್ನು ಅಲ್ಲೇ ಕಲಿತೆ ಎನ್ನುತ್ತಿದ್ದರು. ಮನೆಮನೆಗೆ ಹೋಗಿ ಪ್ರಾಧ್ಯಾಪಕರು ಬರೆದುಕೊಟ್ಟ ಪ್ರಶ್ನೆಗಳನ್ನು ಕೇಳಿ ಬರುವುದು ಅವರ ಕೆಲಸ. ಆದರೆ ಅವರು ಕೇಳುವ ರೀತಿಯೇ ಬೇರೆ. ಒಣಗಿದ ಬಟ್ಟೆ ರಾಶಿ ಬಿದ್ದಿದ್ದರೆ ಮಡಚಲು ಕೂರುತ್ತಿದ್ದರು. ಗಡಿಯಾರ ಕಟ್ಟುತ್ತಿರಲಿಲ್ಲ. ಎದುರಿನವರ ಗಂಟಲು ಕಟ್ಟಿತೆಂದರೆ ಪೆನ್ನು ಕೆಳಗಿಡುತ್ತಿದ್ದರು. ಪೆನ್ನು ಕೆಳಗಿಟ್ಟ ಮೇಲೆ ಬಂದ ಮಾತು ಕಾಗದಕ್ಕೆ ಹೋಗುವುದಿಲ್ಲ ಎಂಬುದು ಆ ಕಟ್ಟಡಗಳಿಗೆಲ್ಲ ಗೊತ್ತಿತ್ತು.

ಹೋದ ವರ್ಷ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಂಗಸರ ಬಗ್ಗೆ ದೊಡ್ಡ ಅಧ್ಯಯನವೊಂದು ಶುರುವಾಯಿತು. ಅದರ ಮುಖ್ಯಸ್ಥೆಯಾದ ಪ್ರಾಧ್ಯಾಪಕಿ ಪ್ರಶ್ನೆಯಕ್ಕನ ಕೈಗೆ ಬೆಂಕಿಪೆಟ್ಟಿಗೆಯಷ್ಟು ಚಿಕ್ಕದೊಂದು ಧ್ವನಿಮುದ್ರಕ ಕೊಟ್ಟರು. ಅಕ್ಕ ಬೇಡವೆಂದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಧ್ಯಯನಕ್ಕೆ ಆರಿಸಿದ ಅರವತ್ತು ಮನೆಗಳಲ್ಲಿ ಒಂದು, ಒಬ್ಬ ಹೊಲಿಗೆಯವಳದ್ದು. ನೆಲಮಹಡಿಯ ಮನೆ. ನೀಲಿ ಚೌಕಟ್ಟಿನ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅದಕ್ಕೆ ಎರಡು ಮೊಳ ದೂರದಲ್ಲಿ ಅತ್ತೆಯ ಮಂಚ. ಆರು ವರ್ಷದಿಂದ ಅತ್ತೆಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಕಿವಿ, ಬುದ್ಧಿ ಎರಡೂ ಚುರುಕು. ಅದಕ್ಕೇ ಪ್ರಶ್ನೆ ಕೇಳಲು ಹೋದ ದಿನ ಅಕ್ಕ, ಹೊಲಿಗೆಯವಳು ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತು ಮಾತಾಡಿದ್ದರು. ಅರ್ಧ ಮಾತಿಗೆ ಹೊಲಿಗೆಯವಳು ಅಳತೊಡಗಿದಳು. ಅಕ್ಕ ಪೆನ್ನು ಕೆಳಗಿಟ್ಟರು. ಆಗ ಅವಳೊಂದು ಮಾತು ಹೇಳಿದಳು. ಮುದ್ರಕ ಓಡುತ್ತಲೇ ಇತ್ತು. ಸಂಜೆ ಅದು ನೆನಪಾಗಿ ಅಕ್ಕ ಒಂದು ಚೀಟಿ ಬರೆದು, ಇಷ್ಟನೆಯ ನಿಮಿಷದಿಂದ ಇಷ್ಟನೆಯ ನಿಮಿಷದವರೆಗೆ ಬಳಸಬಾರದು ಎಂದು ಅಡಿಗೆ ಎರಡು ಗೆರೆ ಎಳೆದು ಪ್ರಾಧ್ಯಾಪಕಿಯ ಕಚೇರಿಗೆ ಒಪ್ಪಿಸಿದ್ದರು.

ಆ ಮಾತನ್ನೇ ಪ್ರಾಧ್ಯಾಪಕಿಯ ಕಚೇರಿ ನನಗೆ ಕಳಿಸಿತು. ಕಾಲೇಜಿನ ಸಮುದಾಯ ದಿನದಂದು ಆ ಅಧ್ಯಯನಕ್ಕೆ ಪ್ರಶಸ್ತಿ ಕೊಡುವವರಿದ್ದರು, ಅದಕ್ಕೆ ಮುಖಪುಟದ ಸುದ್ದಿ ಬೇಕಿತ್ತು. ಜೊತೆಗೊಂದು ಫೋಟೊ: ಬೆನ್ನು ಮಾಡಿ ಕೂತ ಹೆಂಗಸು, ಹೊಲಿಗೆ ಯಂತ್ರ, ನೀಲಿ ಚೌಕಟ್ಟಿನ ಕಿಟಕಿ. ಆ ಮಾತು ಇದು: ‘ಕೆಲವು ದಿನ ಬೆಳಗ್ಗೆ ಎದ್ದು, ಇವತ್ತಾದರೂ ಅತ್ತೆ ಉಸಿರು ನಿಲ್ಲಿಸಿರಲಿ ಅಂದುಕೊಂಡು ಮಂಚದ ಕಡೆ ನೋಡುತ್ತೇನೆ.’ ಓದಿದ ಕೂಡಲೇ ನಾನು, ಎಷ್ಟು ಒಳ್ಳೆಯ ಸಾಲು ಎಂದುಕೊಂಡು ದಪ್ಪಕ್ಷರದಲ್ಲಿ, ಪುಟದ ಅಡ್ಡಗಲಕ್ಕೂ ಹಾಕಿದೆ. ಯಾರ ಸಾಲು, ಕೇಳಿ ಹಾಕುತ್ತಿದ್ದಾರೋ ಇಲ್ಲವೋ ಎಂದು ಒಂದು ಫೋನೂ ಮಾಡಲಿಲ್ಲ.

ಆ ವಸತಿ ಕಟ್ಟಡಗಳ ಆರೋಗ್ಯ ಕೇಂದ್ರದಲ್ಲಿ ನಮ್ಮ ಪತ್ರಿಕೆಯ ಕಟ್ಟು ಇಡುತ್ತಾರೆ. ಹೊಲಿಗೆಯವಳ ನಾದಿನಿ ಅಲ್ಲಿ ಸರದಿಯಲ್ಲಿ ಕೂತಾಗ ಕಿಟಕಿಯನ್ನು ಗುರುತಿಸಿದಳು. ನೇರವಾಗಿ ಹೋಗಿ ಮಂಚದ ಪಕ್ಕ ನಿಂತು ತಾಯಿಗೆ ಗಟ್ಟಿಯಾಗಿ ಓದಿದಳು. ಅವತ್ತಿನಿಂದ ಮೂರು ದಿನವಾದರೂ ಮುದುಕಿ ಸೊಸೆಯ ಕೈಯಿಂದ ನೀರೂ ಮುಟ್ಟಿರಲಿಲ್ಲ; ಪಕ್ಕದ ಮನೆಯವರು ಬಂದು ಒಂದೆರಡು ಗುಟುಕು ಕುಡಿಸುತ್ತಿದ್ದರು.

ಇದಿಷ್ಟನ್ನೂ ಪ್ರಶ್ನೆಯಕ್ಕ ನನ್ನ ಮೇಜಿನ ಮುಂದೆ ನಿಂತೇ ಹೇಳಿದರು. ಆಮೇಲೆ, “ಡೀನ್ ಹತ್ರ ಹೋಗ್ತಿದೀನಿ. ನೀವೂ ಬನ್ನಿ. ದಪ್ಪಕ್ಷರ ನಿಮ್ದಲ್ವಾ,” ಎಂದರು.

ಡೀನ್ ಸಭ್ಯರು. ಕುರ್ಚಿ ತೋರಿಸಿದರು. ಪಕ್ಕದಲ್ಲಿ ಪ್ರಾಧ್ಯಾಪಕಿಯೂ ಇದ್ದರು. ಇಂಥ ಹೆಂಗಸರ ಸಂಕಟ ಜಗತ್ತಿಗೆ ತಿಳಿಯಬೇಕು, ಆ ಒಂದು ಸಾಲು ನೂರು ವರದಿ ಮಾಡದ ಕೆಲಸ ಮಾಡುತ್ತದೆ ಎಂದು ಪ್ರಾಧ್ಯಾಪಕಿ ವಿವರಿಸಿದರು. ಅದು ಸುಳ್ಳಲ್ಲ, ನನಗೂ ಹಾಗೇ ಅನಿಸಿತ್ತು. ಅಕ್ಕ ತಾವು ಬರೆದಿದ್ದ ಚೀಟಿಯ ಪ್ರತಿ ತೆಗೆದು ಮೇಜಿನ ಮೇಲಿಟ್ಟರು. ಪ್ರಾಧ್ಯಾಪಕಿ ಅದರತ್ತ ನೋಡಿದರೇ ಹೊರತು ಮುಟ್ಟಲಿಲ್ಲ. ನಿಯಮದ ಪ್ರಕಾರ ಹೆಸರು ಹಾಕಿಲ್ಲವಲ್ಲ ಎಂದರು ಡೀನ್.

“ಹೆಸರು ಯಾಕೆ ಬೇಕು ಸಾರ್, ಕಿಟಕೀನೇ ಹಾಕಿದೀರಲ್ಲ.”

ಯಾರಿಗಾದರೂ ನೋವಾಗಿದ್ದರೆ ವಿಷಾದವಿದೆ ಎಂದು ಮುಂದಿನ ಸಂಚಿಕೆಯಲ್ಲಿ ಎರಡು ಸಾಲು ಹಾಕೋಣ, ಸಮುದಾಯ ದಿನ ಮುಗಿಯುವವರೆಗೆ ಸ್ವಲ್ಪ ತಾಳ್ಮೆಯಿರಲಿ ಎಂದು ಡೀನ್ ಮಾತು ಮುಗಿಸಿದರು. ನೋವಾಗಿದ್ದರೆ! ಮೂರು ದಿನದಿಂದ ಬಾಯಿ ಒಣಗಿಸಿಕೊಂಡು ಮಲಗಿದ್ದ ಮುದುಕಿ ಅವರಿಗೆ ಒಂದು ‘ದ್ದರೆ’ ಆಗಿಹೋದರು. ಹೊರಗೆ ಬರುವಾಗ ನನ್ನ ಕಿವಿ ಬಿಸಿಯಾಗಿತ್ತು, ಅರ್ಧ ಸಿಟ್ಟಿಗೆ, ಅರ್ಧ ನಾಚಿಕೆಗೆ.

ಅಕ್ಕನ ಸಿಟ್ಟು ಕೂಗಾಡುವ ಜಾತಿಯದಲ್ಲ. ಕಾರಿಡಾರಿನಲ್ಲೇ ನಿಂತು ಚೀಲದಿಂದ ಅಧ್ಯಯನದ ಒಪ್ಪಿಗೆ ಫಾರಂ ತೆಗೆದು ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟರು. ಭಾಗವಹಿಸಿದವರು ಯಾವಾಗ ಬೇಕಾದರೂ, ಕಾರಣ ಹೇಳದೆ, ತಮ್ಮ ಮಾತುಗಳನ್ನು ಹಿಂಪಡೆಯಬಹುದು ಎಂದಿತ್ತು.

“ಹತ್ತೊಂಬತ್ತು ವರ್ಷದಿಂದ ಇದನ್ನ ಎಲ್ಲರಿಗೂ ಓದಿ ಹೇಳಿದೀನಿ. ಒಬ್ರೂ ವಾಪಸು ಕೇಳಿರ್ಲಿಲ್ಲ. ನನ್ನ ನಂಬಿದ್ರಲ್ಲ, ಅದಕ್ಕೆ.”

ಮುಂದಿನ ಒಂಬತ್ತು ದಿನ ಅವರು ಅರವತ್ತೂ ಮನೆಗೆ ಹೋದರು. ಕಚೇರಿ ಮುಗಿಸಿ ಸಂಜೆ ನಾನೂ ಕೆಲವು ಮನೆಗೆ ಜೊತೆಯಾದೆ. ಎಲ್ಲ ಕಡೆಯೂ ಅದೇ ಮಾತು: ಹೀಗಾಯಿತು, ಮುದ್ರಕ ನಿಲ್ಲಿಸದೆ ಇದ್ದದ್ದು ನನ್ನ ತಪ್ಪು, ಚೀಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ಕಾಲೇಜಿನ ತಪ್ಪು, ನಿಮ್ಮ ಮಾತು ನಿಮಗೆ ವಾಪಸು ಬೇಕೆ? ಒತ್ತಾಯ ಮಾಡಲಿಲ್ಲ. ನಿವೃತ್ತ ಬೆರಳಚ್ಚುಗಾರ್ತಿಯೊಬ್ಬರು, ನಂದು ಇರಲಿ, ಹೆಸರು ಹಾಕಿಯೇ ಅಚ್ಚು ಮಾಡಲಿ, ನಮ್ಮೆಜಮಾನರೂ ಓದಲಿ ಎಂದರು. ಅಕ್ಕ ಅದನ್ನೂ ಹಾಗೇ ಬರೆದುಕೊಂಡರು. ಮೂವತ್ತೆಂಟು ಜನ ವಾಪಸು ಕೇಳಿ ಸಹಿ ಹಾಕಿದರು.

ಹೊಲಿಗೆಯವಳ ಮನೆಗೆ ಕಡೆಯಲ್ಲಿ ಹೋದೆವು. ಅವಳು ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತಳು. ಒಳಗೆ ಕರೆದದ್ದು ಮಂಚದ ಮೇಲಿನ ಅತ್ತೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಚ್ಚು ಹಾಕಿದವನು ಇವನೇನಾ ಎಂದು ಅಕ್ಕನನ್ನು ಕೇಳಿದರು. ನಾನು ತಲೆ ತಗ್ಗಿಸಿ ಹೌದೆಂದೆ, ಕ್ಷಮೆ ಕೇಳಿದೆ.

“ನಮ್ಮತ್ತೆ ಹಾಸಿಗೆ ಹಿಡ್ದಾಗ ನಾನೂ ಹಾಗೇ ಅಂದ್ಕೊಂಡಿದ್ದೆ,” ಎಂದರು ಮುದುಕಿ, ಸೂರು ನೋಡುತ್ತ. “ಒಂದ್ ದಿನ ಅಲ್ಲ, ದಿನಾ. ಯಾರೂ ಬಂದು ಅಚ್ಚು ಹಾಕ್ಲಿಲ್ಲ, ಅಷ್ಟೆ.”

ಸೊಸೆ ಬಾಗಿಲಿಂದ ಸರಿದು ಅಡುಗೆಮನೆಗೆ ಹೋದಳು. ಲೋಟದಲ್ಲಿ ನೀರು ತಂದಳು. ಮುದುಕಿ ಕುಡಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಮುದಾಯ ದಿನದ ಬೆಳಗ್ಗೆ ಸಭಾಂಗಣದಲ್ಲಿ ಮೈಕು ಪರೀಕ್ಷೆ ನಡೆಯುತ್ತಿದ್ದಾಗ ಪ್ರಶ್ನೆಯಕ್ಕ, ಕಾಲೇಜಿಗೆ ಬರುವ ಪತ್ರಗಳನ್ನು ತೆಗೆದುಕೊಳ್ಳುವ ಆವಕ ವಿಭಾಗದ ಕಿಟಕಿಯ ಮುಂದೆ ನಿಂತು ಮೂವತ್ತೆಂಟು ಪತ್ರಗಳಿಗೂ ಒಂದೊಂದಾಗಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡರು. ಹತ್ತು ಗಂಟೆಗೆ ಡೀನ್‌ಗೆ ಸುದ್ದಿ ಮುಟ್ಟಿತು. ಅರ್ಧಕ್ಕಿಂತ ಹೆಚ್ಚು ಮಾತು ವಾಪಸು ಹೋದ ಅಧ್ಯಯನಕ್ಕೆ ಪ್ರಶಸ್ತಿ ಕೊಡುವುದು ಹೇಗೆ? ಕಾರ್ಯಕ್ರಮ ಪಟ್ಟಿಯಿಂದ ಆ ಪ್ರಶಸ್ತಿಯ ಸಾಲು ಮಾಯವಾಯಿತು. ಪ್ರಾಧ್ಯಾಪಕಿ ಮೆಟ್ಟಿಲ ಬಳಿ ಅಕ್ಕನನ್ನು ತಡೆದು, ಜನರನ್ನು ಎತ್ತಿಕಟ್ಟಿದಿರಿ ಎಂದರು.

“ಎತ್ತಿಕಟ್ಟಿಲ್ಲ ಮೇಡಂ. ನೀವು ಬರೆದಿದ್ದನ್ನೇ ಓದಿ ಹೇಳ್ದೆ.”

ಆ ತಿಂಗಳ ಕೊನೆಗೆ ಅವರ ಅವಧಿ ಮುಗಿದಿದೆ ಎಂದು ಕಾಗದ ಬಂತು. ಹತ್ತೊಂಬತ್ತು ವರ್ಷ ಮುಗಿಯದ ಅವಧಿ ಅಂದು ಮುಗಿಯಿತು. ನಾನು ಡೀನ್‌ಗೆ ಪ್ರತಿಭಟಿಸಿ ಬರೆದ ಪತ್ರಕ್ಕೆ ಇವತ್ತಿನವರೆಗೆ ಉತ್ತರವಿಲ್ಲ. ಇನ್ನು ಮುಂದೆ ಯಾರದೇ ಮಾತನ್ನು ಅವರಿಗೆ ತೋರಿಸಿ, ಒಪ್ಪಿಗೆ ಪಡೆದೇ ಪ್ರಕಟಿಸಬೇಕೆಂಬ ನಿಯಮವೇನೋ ಬಂತು. ಅದನ್ನು ಕಾಲೇಜಿನ ಹೊಸ ಹೆಜ್ಜೆ ಎಂದು ಸುದ್ದಿ ಮಾಡಿ, ಪ್ರಾಧ್ಯಾಪಕಿಯ ಫೋಟೊ ಸಮೇತ ನನಗೆ ಕಳಿಸಿದರು. ಪ್ರಶ್ನೆಯಕ್ಕನ ಹೆಸರನ್ನು ನಾನೇ ಸೇರಿಸಿದೆ. ತಿದ್ದಿದ ಕರಡು ವಾಪಸು ಬಂದಾಗ ಅದನ್ನು ಹೊಡೆದುಹಾಕಿದ್ದರು. ಕೆಂಪು ಶಾಯಿ, ಒಂದೇ ಗೀಟು.

ಅಕ್ಕ ಈಗ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಬಂದ ರೋಗಿಗಳಿಗೆ ಚೀಟಿ ಬರೆಯುತ್ತಾರೆ. ಹೊಲಿಗೆಯವಳ ನಾದಿನಿ ಅತ್ತಿಗೆಯ ಮೇಲಿನ ಸಿಟ್ಟಿಗೆ ಇನ್ನೂ ಆ ಮನೆಯ ಮೆಟ್ಟಿಲು ಹತ್ತಿಲ್ಲ. ಅಕ್ಕ ಎರಡು ಸಲ ಆ ನಾದಿನಿಯ ಮನೆಗೆ ಹೋಗಿ ಬಂದಿದ್ದಾರೆ, ಎರಡು ಸಲವೂ ಅವಳು ಬಾಗಿಲು ತೆರೆಯಲಿಲ್ಲ. ಬರುವ ಭಾನುವಾರ ಮತ್ತೆ ಹೋಗುತ್ತಾರಂತೆ.