ಬಾನೆಟ್ ಮೇಲಿನ ನೇರ ಗೆರೆಗಳು

2023ರಲ್ಲಿ ನಾನು ತುಮಕೂರಿನಲ್ಲಿ ಕಾರುಗಳ ಬಣ್ಣ ಕಾಪಾಡುವ ಕೆಲಸ ಮಾಡುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಗುಬ್ಬಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು. ಮಕ್ಕಳ ಸಂಖ್ಯೆ ಇಳಿದು ಶಾಲೆ ಮುಚ್ಚಿದಾಗ ನನಗೆ ನಲವತ್ತೇಳು. ಭಾನುವಾರಗಳಂದು ಮನೆಯ ಹಳೆಯ ಕಾರನ್ನು ತೊಳೆದು ಹೊಳಪಿಡುವುದು ಮೊದಲಿನಿಂದಲೂ ನನ್ನ ಗೀಳು. ಬೆಂಗಳೂರಿನಲ್ಲಿ ಎರಡು ತಿಂಗಳು ತರಬೇತಿ ಪಡೆದು ಅದನ್ನೇ ವೃತ್ತಿಯಾಗಿಸಿಕೊಂಡೆ. ಗಿರಾಕಿಗಳ ಮನೆಗೇ ಹೋಗಿ, ಮೊದಲ ಸಲ ನಾನೇ ಕಾರು ತೊಳೆದು ವ್ಯಾಕ್ಸ್ ಹಚ್ಚಿ, ಮುಂದೆ ಮನೆಯವರೇ ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಕಲಿಸಿ ಬರುವುದು ನನ್ನ ಪದ್ಧತಿ. ಹನ್ನೆರಡು ನಿಯಮಗಳಿರುವ ಒಂದು ಹಾಳೆಯನ್ನೂ ಮುದ್ರಿಸಿ ಕೊಡುತ್ತಿದ್ದೆ. ಅದರಲ್ಲಿ ಒಂದು ಅಲ್ಪವಿರಾಮವೂ ತಪ್ಪಿಲ್ಲವೆಂಬ ಹೆಮ್ಮೆ ನನಗಿತ್ತು.

ಓದುಗರಿಗೆ ಈ ಕೆಲಸದ ಒಂದೆರಡು ಸಂಗತಿಗಳು ಮೊದಲೇ ತಿಳಿದಿರಬೇಕು. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ನಮಗೆ ಕಾಣುವ ಹೊಳಪು ಅದರದ್ದು. ಅದು ತಲೆಗೂದಲಿಗಿಂತ ತೆಳು. ಶಾಂಪೂ ಹಾಕಿ ತೊಳೆದ ಮೇಲೂ ಬ್ರೇಕಿನ ಪುಡಿ, ಮರದ ಅಂಟು ಮೊದಲಾದವು ಅದಕ್ಕೆ ಕಚ್ಚಿಕೊಂಡೇ ಇರುತ್ತವೆ. ಅವನ್ನು ತೆಗೆಯಲು ಕ್ಲೇ ಬಾರ್ ಬಳಸುತ್ತೇವೆ. ನಾದಿದ ಹಿಟ್ಟಿನಂತೆ ಮೆದುವಾದ ಒಂದು ತುಂಡು ಅದು. ಜಾರಿಕೆಯ ದ್ರವ ಸಿಂಪಡಿಸಿ ಅದನ್ನು ಮೇಲೆ ಆಡಿಸಿದರೆ ಕೊಳೆ ಅದಕ್ಕೆ ಅಂಟಿಕೊಂಡು ಬರುತ್ತದೆ. ನಾನು ಅದನ್ನು ಯಾವಾಗಲೂ ಮುಂದಿನಿಂದ ಹಿಂದಕ್ಕೆ, ನೇರವಾಗಿಯೇ ಆಡಿಸುವವನು. ಕ್ಲೇ ನೆಲಕ್ಕೆ ಬಿದ್ದರೆ ಮಣ್ಣಿನ ಕಣಗಳು ಒಳಸೇರುವುದರಿಂದ ಅದನ್ನು ಎಸೆದುಬಿಡಬೇಕು. ಇದು ನನ್ನ ಹಾಳೆಯ ಏಳನೆಯ ನಿಯಮ.

ಆ ವರ್ಷದ ಫೆಬ್ರವರಿಯಲ್ಲಿ ಕುಣಿಗಲ್‌ನಿಂದ ಕರೆ ಬಂತು. ಕರೆದವರು ಶಿವಣ್ಣ, ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವರು. ನಾಲ್ಕು ತಿಂಗಳ ಹಿಂದೆ ಕೊಂಡ ಕಪ್ಪು ಕಾರು ಅವರದು. ಕಪ್ಪು ಬಣ್ಣದ ಮೇಲೆ ಕಾಣದ ಗೀರೇ ಇಲ್ಲವೆಂದು ನಮ್ಮ ಕಸುಬಿನವರೆಲ್ಲರಿಗೂ ಗೊತ್ತು. ಬೆಳಿಗ್ಗೆ ಎಂಟಕ್ಕೆ ನಾನು ಅವರ ಮನೆ ತಲುಪಿದಾಗ ಬಾಗಿಲು ತೆರೆದ ಡ್ರೈವರ್ ನನ್ನನ್ನು ನೋಡಿ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ರಂಗಸ್ವಾಮಿ, ಗುಬ್ಬಿಯಲ್ಲಿ ನನ್ನ ಶಿಷ್ಯ. ಮದುವೆಯಾಗಿ ಹೆಬ್ಬೂರಿನ ಹತ್ತಿರ ನೆಲೆಸಿದ್ದ. ಮೂವತ್ತೆರಡರ ಆಸುಪಾಸಿನ ವಯಸ್ಸು. ಅವನ ಮುಖಕ್ಕಿಂತ ಮೊದಲು ನನಗೆ ನೆನಪಾದದ್ದು ಅವನ ಕಾಪಿ ಪುಸ್ತಕ: ಶಾಯಿ ಚೆಲ್ಲಿದ, ಮೂಲೆ ಮಡಿಚಿದ, ಅಕ್ಷರಗಳು ಗೆರೆ ಬಿಟ್ಟು ಏರಿಳಿಯುವ ಪುಸ್ತಕ. ಅದನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿ ನಗಿಸಿದ್ದೇನೆ, ಒಂದು ಸಲವಲ್ಲ.

ಆ ದಿನ ಹನ್ನೊಂದು ಗಂಟೆಗೆ ಮನೆಯವರೆಲ್ಲ ಮಾರ್ಕೋನಹಳ್ಳಿ ಕಡೆಗೆ ಒಂದು ಗೃಹಪ್ರವೇಶಕ್ಕೆ ಹೊರಡಬೇಕಿತ್ತು. ಮಹಡಿ ಕಟ್ಟಿಸುತ್ತಿದ್ದುದರಿಂದ ಅಂಗಳದ ಒಂದು ಬದಿಯಲ್ಲಿ ಎಂ-ಸ್ಯಾಂಡ್ ಮರಳಿನ ರಾಶಿ ಇತ್ತು. ತೊಳೆದಾಯಿತು, ಟಾಪ್, ಡಿಕ್ಕಿ, ಬಾಗಿಲುಗಳಿಗೆ ಕ್ಲೇ ಆಡಿಸಿಯೂ ಆಯಿತು. ಬಾನೆಟ್ ಶುರು ಮಾಡುವಾಗ ತುಂಡು ನನ್ನ ಕೈಯಿಂದ ಜಾರಿ ಆ ರಾಶಿಯ ಅಂಚಿಗೆ ಬಿತ್ತು. ನನ್ನ ಬಳಿ ಇನ್ನೊಂದು ತುಂಡಿರಲಿಲ್ಲ. ಎತ್ತಿಕೊಂಡೆ, ಮೇಲ್ಭಾಗವನ್ನು ಚಿವುಟಿ ಎಸೆದೆ, ಉಳಿದದ್ದನ್ನು ನಾದಿ ಮಡಿಸಿದೆ. ಕಣ್ಣಿಗೆ ಮರಳು ಕಾಣಲಿಲ್ಲ. ಪಕ್ಕದಲ್ಲಿ ದ್ರವದ ಬಾಟಲಿ ಹಿಡಿದು ನಿಂತಿದ್ದ ರಂಗಸ್ವಾಮಿ, ಹತ್ತೇ ನಿಮಿಷದ ಹಿಂದೆ ನನ್ನ ಹಾಳೆಯನ್ನು ಓದಿ ಮುಗಿಸಿದ್ದವನು, "ಸಾರ್..." ಎಂದ.

"ನೀನು ಸಿಂಪಡಿಸು," ಎಂದೆ.

ಅವನು ಸಿಂಪಡಿಸಿದ. ಬಾನೆಟ್ ಮುಗಿಸಿ ವ್ಯಾಕ್ಸ್ ಹಚ್ಚಿದೆ. ವ್ಯಾಕ್ಸ್ ಸಣ್ಣ ಗೀರುಗಳನ್ನು ತುಂಬಿ ಮುಚ್ಚುತ್ತದೆ. ಬಿಸಿಲು, ನೀರು ತಾಗಿ ಅದು ಸವೆಯಲು ಎರಡು ತಿಂಗಳಾದರೂ ಬೇಕು. ಹನ್ನೊಂದಕ್ಕೆ ಕಾರು ಕನ್ನಡಿಯಂತೆ ನಿಂತಿತ್ತು. ಎಲ್ಲರೂ ಹೊಗಳಿದರು.

ಏಪ್ರಿಲ್ ಕೊನೆಯಲ್ಲಿ ಶಿವಣ್ಣನವರು ಮತ್ತೆ ಫೋನ್ ಮಾಡಿದರು. "ಮೇಷ್ಟ್ರೆ, ಬಾನೆಟ್ ತುಂಬಾ ಗೀರು ಕಣ್ರೀ. ಬಿಸ್ಲಲ್ಲಿ ನೋಡಕ್ಕಾಗಲ್ಲ. ನಮ್ ರಂಗ ಏನೋ ಮಾಡವ್ನೆ. ನೀವೇ ಬಂದು ನೋಡ್ಬುಟ್ಟು, ಹೆಂಗಾಯ್ತು ಅಂತ ಒಂದ್ ವರದಿ ಬರ್ಕೊಡಿ."

ಹೋದೆ. ಅಂಗಳದ ನಲ್ಲಿಯ ಬಳಿ ಬಟ್ಟೆ ಒಗೆಯುವ ಪುಡಿಯ ಪೊಟ್ಟಣವೂ ಒಂದು ಹಳೆಯ ಬನಿಯನ್ನೂ ಬಿದ್ದಿದ್ದವು. ನನಗೆ ಅಷ್ಟು ಸಾಕಾಯಿತು. ಸ್ವಲ್ಪ ಆಚೆ ಎರಡು ಬಕೆಟ್‌ಗಳಿದ್ದವು. ಒಂದರ ಮೇಲೆ ಪೇಂಟಿನಲ್ಲಿ 'ಶಾಂಪೂ' ಎಂದೂ ಇನ್ನೊಂದರ ಮೇಲೆ 'ಬರೀ ನೀರು' ಎಂದೂ ಬರೆದಿತ್ತು, ನನ್ನ ಎರಡನೆಯ ನಿಯಮ ಹೇಳುವಂತೆಯೇ. ಅವನ್ನೂ ಕಂಡೆ. ಕಂಡು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಟಾರ್ಚ್ ಹಿಡಿದು ಬಾನೆಟ್ ಒಂದನ್ನೇ ನೋಡಿದೆ, ಫೋಟೋ ತೆಗೆದೆ. ಟಾಪಿನ ಕಡೆಗೆ ಟಾರ್ಚ್ ಎತ್ತಲೂ ಇಲ್ಲ. ಆ ಫೆಬ್ರವರಿಯ ಬೆಳಿಗ್ಗೆ ಬಿದ್ದ ಕ್ಲೇ ನನ್ನ ನೆನಪಿಗೆ ಬರಲಿಲ್ಲ. ಬಂದಿದ್ದರೂ ಅದನ್ನು ವರದಿಯಲ್ಲಿ ಬರೆಯುತ್ತಿದ್ದೆನೆಂದು ಎದೆ ತಟ್ಟಿ ಹೇಳಲಾರೆ.

ರಂಗಸ್ವಾಮಿ ಗೇಟಿನ ಬಳಿ ನಿಂತಿದ್ದ. ಯಾರೂ ಕೇಳದೆ ಒಂದೇ ಮಾತು ಹೇಳಿದ: "ಹಾಳೇಲಿದ್ದಂಗೇ ಮಾಡಿದೀನಿ ಸಾರ್."

"ನಿನ್ನ ಕಾಪಿ ಪುಸ್ತಕ ನೋಡಿದೀನಿ ಕಣೋ ನಾನು," ಎಂದೆ.

ಶಿವಣ್ಣನವರು ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ.

ಮರುದಿನ ಒಂದೂವರೆ ಪುಟದ ವರದಿಯನ್ನು ಮೂರು ಸಲ ತಿದ್ದಿ ಬರೆದು ಕಳಿಸಿದೆ. ಗೀರುಗಳಿಗೆ ಚಾಲಕನು ಒರಟು ಬಟ್ಟೆಯಿಂದ, ಅಜಾಗರೂಕತೆಯಿಂದ ತೊಳೆದದ್ದೇ ಕಾರಣವೆಂಬುದು ಅದರ ಸಾರ. ವಾರದೊಳಗೆ ರಂಗಸ್ವಾಮಿಯ ಕೆಲಸ ಹೋಯಿತು. ಶಿವಣ್ಣನವರು ವರದಿಗೆ ಲ್ಯಾಮಿನೇಶನ್ ಮಾಡಿಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಇಟ್ಟುಕೊಂಡರೆಂದೂ ಕಾರಿರುವ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರೆಂದೂ ಅವರೇ ಫೋನಿನಲ್ಲಿ ಹೇಳಿದರು. ಆ ವರದಿ ಓದಿದ ಇಬ್ಬರು ನನ್ನನ್ನು ಕೆಲಸಕ್ಕೆ ಕರೆಸಿದರು. ಅದೇ ವರದಿ ಓದಿದವರು ಯಾರೂ ರಂಗಸ್ವಾಮಿಯ ಕೈಗೆ ಕೀ ಕೊಡಲಾರರೆಂಬುದು ನನಗೆ ಹೊಳೆಯಲಿಲ್ಲ; ಸಂತೋಷವಾಗಿಯೇ ಇದ್ದೆ.

ಆಗಸ್ಟ್‌ನಲ್ಲಿ ತುಮಕೂರಿನ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳು, ಮನೆಯಲ್ಲೇ ಕಾರು ತೊಳೆಯುವುದನ್ನು ತೋರಿಸಿಕೊಡಬೇಕೆಂದು ಕರೆದರು. ಇಪ್ಪತ್ತು ಜನ ಸೇರಿದ್ದರು. ಒಂದು ಕಾರಿನ ಮೇಲೆ ಕ್ಲೇ ಆಡಿಸಿ ತೋರಿಸಿದೆ. ಆಮೇಲೆ, ಹೇಗೆ ತೊಳೆಯಬಾರದು ಎಂಬುದಕ್ಕೆ ಉದಾಹರಣೆಯಾಗಿ, ದೊಡ್ಡದಾಗಿ ಮುದ್ರಿಸಿಕೊಂಡಿದ್ದ ಶಿವಣ್ಣನವರ ಬಾನೆಟ್ಟಿನ ಫೋಟೋ ಎತ್ತಿ ಹಿಡಿದೆ. ಕಾಪಿ ಪುಸ್ತಕ ಎತ್ತಿ ಹಿಡಿಯುತ್ತಿದ್ದ ಹಾಗೆಯೇ. ಮುಂದಿನ ಕುರ್ಚಿಯಲ್ಲಿ ಗಿರಿಜಮ್ಮ ಎಂಬ ನಿವೃತ್ತ ನರ್ಸ್ ಕುಳಿತಿದ್ದರು. ಫೋಟೋವನ್ನು ಕೈಗೆ ತೆಗೆದುಕೊಂಡು ಕನ್ನಡಕ ಸರಿಮಾಡಿ ನೋಡಿದರು.

"ಬಟ್ಟೇಲಿ ಒರ್ಸೋರು ಗುಂಡುಗುಂಡಕ್ಕೆ ಒರುಸ್ತಾರಲ್ವಾ ಮೇಷ್ಟ್ರೆ? ಇದು ಸ್ಕೇಲ್ ಇಟ್ಟು ಗೆರೆ ಹೊಡ್ದಂಗಿದೆ. ಈಗ ನೀವು ಉಜ್ಜುದ್ರಲ್ಲ, ಹಂಗೇ ಇದೆ."

ಎಲ್ಲರೂ ನಕ್ಕರು, ಅವರು ಅದನ್ನು ತಮಾಷೆಗೇ ಹೇಳಿದ್ದರು. ನಾನು ಫೋಟೋ ವಾಪಸ್ಸು ತೆಗೆದುಕೊಂಡೆ. ಬಾನೆಟ್ಟಿನ ಮುಂದಿನಿಂದ ಹಿಂದಕ್ಕೆ, ಒಂದರ ಪಕ್ಕ ಒಂದು, ಸಮಾನಾಂತರ ಗೆರೆಗಳು. ಬಟ್ಟೆಯ ಗೀರು ಸುರುಳಿಯಾಗಿರುತ್ತದೆ ಎಂಬುದು ತರಬೇತಿಯ ಮೊದಲ ವಾರದ ಪಾಠ. ನಾಲ್ಕು ತಿಂಗಳು ಆ ಫೋಟೋ ನನ್ನ ಚೀಲದಲ್ಲಿತ್ತು. ಆ ಗೆರೆಗಳ ಅಳತೆ ನನ್ನ ಕೈಯದು. ಮರಳ ರಾಶಿ, ಬಿದ್ದ ತುಂಡು, "ಸಾರ್" ಎಂಬ ಅರ್ಧ ಮಾತು, ಎಲ್ಲವೂ ಅಲ್ಲೇ, ಇಪ್ಪತ್ತು ಜನರ ಮುಂದೆ, ನೆನಪಾದವು. ಫೋಟೋವನ್ನು ಚೀಲಕ್ಕೆ ಸೇರಿಸಿದೆ. ಮುಂದಿನ ನಿಯಮಕ್ಕೆ ಹೋದೆ. ಇದನ್ನೂ ಇಲ್ಲಿ ದಾಖಲಿಸಬೇಕು.

ಮರುದಿನ ಬೆಳಿಗ್ಗೆ ಹೆಬ್ಬೂರಿನಲ್ಲಿ ಬಸ್ಸಿಳಿದೆ. ರಂಗಸ್ವಾಮಿ ಈಗ ಹಾಲಿನ ಕ್ಯಾನ್ ಸಾಗಿಸುವ ಟೆಂಪೊ ಓಡಿಸುತ್ತಾನೆಂದು ಯಾರೋ ಹೇಳಿದರು. ಡೇರಿಯ ಮುಂದೆ ಕ್ಯಾನ್ ಇಳಿಸುತ್ತಿದ್ದವನು ನನ್ನನ್ನು ಕಂಡು ಕೈ ಒರೆಸಿಕೊಂಡು ಬಂದ. ಒಂದು ಕ್ಯಾನ್ ಮಗುಚಿಟ್ಟು ಕೂರಿಸಿದ. ಮೂರು ತಿಂಗಳು ಯಾವ ಕೆಲಸವೂ ಸಿಗದೆ ಕೊನೆಗೆ ಇದು ಸಿಕ್ಕಿತೆಂದು, ನಾನು ಕೇಳಿದ ಮೇಲೆ, ಹೇಳಿದ.

"ಆ ಗೀರು ನನ್ನದು ರಂಗಸ್ವಾಮಿ," ಎಂದೆ.

"ಹೂಂ ಸಾರ್. ಕ್ಲೇ ಬಿದ್ದಾಗ್ಲೇ ನೋಡಿದ್ನಲ್ಲ."

"ಮತ್ತೆ ಶಿವಣ್ಣನವರ ಮುಂದೆ ಯಾಕೆ ಹೇಳಲಿಲ್ಲ?"

ಅವನು ಟವೆಲ್ಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಅವ್ರ್ ಮುಂದೆ ನಿಮ್ದು ತಪ್ಪು ಅಂತ ಹೆಂಗ್ ಸಾರ್ ಹೇಳ್ಲಿ? ಮನೇಲಿ ನನ್ನೆಂಡ್ತಿ ಬೈದ್ಲು, ಹೋಗಿ ಹೇಳ್ಬಾ ಅಂತ. ಹೇಳಾನ ಅಂತ್ಲೇ ಹೋದೆ. ಅಷ್ಟ್ರಲ್ಲಿ ಅಣ್ಣ ನಿಮ್ ಕಾಗ್ದ ಕೈಗ್ ಕೊಟ್ರು. ಎಷ್ಟ್ ಚೆಂದಾಗ್ ಬರ್ದಿದ್ರಿ. ಓದ್ತಾ ಓದ್ತಾ ನಂಗೇ ಅನುಮಾನ ಬಂತು ಸಾರ್, ನಾನೇ ಎಲ್ಲೋ ಉಜ್ಜಿರ್ಬೇಕು ಅಂತ."

ನಾನು ಕ್ಷಮೆ ಕೇಳಿದೆ. "ಬುಡಿ ಸಾರ್," ಎಂದು ಅವನು ಕ್ಯಾನ್ ಇಳಿಸಲು ಹೋದ.

ಅಲ್ಲಿಂದ ಕುಣಿಗಲ್‌ಗೆ ಹೋಗಿ ಮೊದಲು ಕಾರಿನ ಟಾಪ್ ನೋಡಿದೆ. ಒಂದು ಗೀರೂ ಇರಲಿಲ್ಲ. ಡಿಕ್ಕಿಯ ಮೇಲೂ ಇಲ್ಲ. ಎರಡು ತಿಂಗಳು ರಂಗಸ್ವಾಮಿ ತೊಳೆದ ಜಾಗವೆಲ್ಲ ಸ್ವಚ್ಛ. ಮರಳು ಮೆತ್ತಿದ ಕ್ಲೇಯನ್ನು ನಾನು ಆಡಿಸಿದ ಜಾಗವಷ್ಟೇ ಹಾಳು. ಶಿವಣ್ಣನವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಅಂಗಡಿಯಲ್ಲಿದ್ದ ಗಿರಾಕಿಗಳ ಕಡೆ ನೋಡಿ ದನಿ ಇಳಿಸಿದರು. ಆದದ್ದಾಯಿತು, ಈಗ ಇದನ್ನು ಎತ್ತಿದರೆ ಇಬ್ಬರಿಗೂ ಅವಮಾನ, ಪಾಲಿಶ್ ಮಾಡಿಕೊಟ್ಟುಬಿಡಿ ಎಂದರು. ಗಲ್ಲಾಪೆಟ್ಟಿಗೆಯ ಪಕ್ಕದ ವರದಿಯನ್ನು ಕೇಳಿ ತೆಗೆದುಕೊಂಡೆ. ಹೊಸದಾಗಿ ನಾಲ್ಕು ಸಾಲು ಬರೆದು, ನನ್ನ ಹೆಸರಿನಲ್ಲೇ ತಪ್ಪೊಪ್ಪಿಕೊಂಡು, ಅದೇ ಜಾಗದಲ್ಲಿಟ್ಟೆ. ಹಳೆಯದನ್ನು ತೋರಿಸಿದವರಿಗೆಲ್ಲ ಇದನ್ನೂ ತೋರಿಸಬೇಕೆಂದು ಕೇಳಿಕೊಂಡೆ. ಶಿವಣ್ಣನವರು ಆ ನಾಲ್ಕು ಸಾಲನ್ನು ಎರಡು ಸಲ ಓದಿದರು. ನಂತರ, ಅವರು ಕೆಟ್ಟವರಲ್ಲ, ನನ್ನ ಎದುರಿಗೇ ರಂಗಸ್ವಾಮಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ರಂಗ, ಮೇಷ್ಟ್ರು ಬಂದವ್ರೆ. ಎಲ್ಲಾ ಹೇಳಿದ್ರು. ನಾಳೆಯಿಂದ ಬಂದ್ಬುಡ್ಲಾ."

ಆ ಕಡೆ ಕ್ಯಾನುಗಳ ಸದ್ದು ಕೇಳಿಸುತ್ತಿತ್ತು. "ಬೇಡಣ್ಣ," ಎಂದ ರಂಗಸ್ವಾಮಿ. "ಇನ್ಮೇಲೆ ಗಾಡಿ ಮ್ಯಾಲೆ ಒಂದ್ ಎಲೆ ಬಿದ್ರೂ ನೀವು ನನ್ ಮುಖ ನೋಡ್ತೀರ."

ಬಾನೆಟ್ ಸರಿಪಡಿಸಲು ನನಗೆ ಎರಡು ದಿನ ಹಿಡಿಯಿತು. ಗೀರನ್ನು ಕಿತ್ತು ತೆಗೆಯಲು ಬರುವುದಿಲ್ಲ. ಅದರ ಸುತ್ತಲಿನ ಒಳ್ಳೆಯ ಪದರವನ್ನು ಗೀರಿನ ಆಳದವರೆಗೂ ಸವೆಸಬೇಕು. ಈಗ ಆ ಬಾನೆಟ್ ಹೊಳೆಯುತ್ತದೆ, ಆದರೆ ಮೊದಲಿಗಿಂತ ತೆಳುವಾಗಿದೆ. ಇನ್ನೊಂದು ಸಲ ಅದನ್ನು ಪಾಲಿಶ್ ಮಾಡಬಾರದೆಂದು ಬರೆದುಕೊಟ್ಟು ಬಂದೆ.

ಅಂದಿನಿಂದ ಯಾವುದೇ ಕಾರಿನ ಬಗ್ಗೆ ವರದಿ ಬರೆಯುವ ಮೊದಲು, ಅದನ್ನು ದಿನವೂ ತೊಳೆಯುವವರನ್ನು ಕೂರಿಸಿ ಕೇಳುತ್ತೇನೆ. ಅವರ ಮಾತನ್ನು ಅವರು ಹೇಳಿದ ಹಾಗೆಯೇ ಮೊದಲ ಸಾಲಿನಲ್ಲಿ ಬರೆಯುತ್ತೇನೆ. ನನ್ನ ಕೈಯಿಂದ ಏನು ಬಿತ್ತು, ಏನು ತಪ್ಪಿತು ಎಂಬುದನ್ನು ಅಂದಂದೇ ಡೈರಿಯಲ್ಲಿ ಗುರುತು ಹಾಕುತ್ತೇನೆ. ಕಸುಬು ಕಲಿಸಿದ್ದು ಇಷ್ಟು. ಆದರೆ ನನ್ನನ್ನು ನಾಚಿಸುವುದು ಕಸುಬಿನ ತಪ್ಪಲ್ಲ. ಅರ್ಥವಾಗದಿದ್ದರೆ ಎದ್ದು ನಿಂತು ಕೇಳಿ ಎಂದು ಹತ್ತೊಂಬತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನು. ಎದ್ದು ನಿಂತವರನ್ನು ನಗೆಪಾಟಲು ಮಾಡಿ ಕೂರಿಸಿದವನೂ ನಾನೇ. ಆ ತರಗತಿಯಿಂದ ಹೋದ ಒಬ್ಬನು, ತನ್ನ ಅನ್ನ ಹೋಗುವಾಗಲೂ ಮೇಷ್ಟರ ತಪ್ಪನ್ನು ಎತ್ತಿ ಹೇಳಲಾರದೆ ಗೇಟಿನ ಬಳಿ ನಿಂತೇ ಇದ್ದ. ನಾನು ಕಲಿಸಿದ್ದರಲ್ಲಿ ಅವನು ಒಂದಿಷ್ಟೂ ತಪ್ಪಿಲ್ಲದೆ ಕಲಿತದ್ದು ಅದೊಂದನ್ನೇ.