ವೇಲಪ್ಪಗ ಇಟ್ಟ ಬ್ಯಾರೆ ಕಪ್ಪಬಸಿ

ಬೋರಿನ ವೇಲಪ್ಪನ ಕತಿ ಹೇಳಬೇಕಂದ್ರ ಮೊದಲ ನನ್ನ ಮಾನ ನಾನ ಕಳಕೋಬೇಕಾಗತೈತಿ. ಆಗಲಿ. ನಮ್ಮೂರು ಪಾಲಬಾವಿಯ ಮಂದಿ ನನ್ನ ಬಾಯಿಗೆ ಅಂಜತಾರ, ಶಿವಗಂಗವ್ವ ಯಾರನ್ನೂ ಬಿಡಂಗಿಲ್ಲ ಅಂತಾರ. ಇವತ್ತ ನನ್ನನ್ನೂ ಬಿಡೂದಿಲ್ಲ, ಅಷ್ಟ.

ಎಂಬತ್ತಾರನೇ ಇಸ್ವಿ ಬ್ಯಾಸಗಿ. ಕಬ್ಬಿಗೆ ಬಾವಿ ನೀರು ಸಾಲವಲ್ದು ಅಂತ ನಮ್ಮ ಮನಿಯವರು ಬೋರ್ ಹೊಡಸಾಕ ತಮಿಳುನಾಡಿನ ಗಾಡಿ ತರಸಿದ್ರು. ಗಾಡಿ ಜೋಡಿ ಏಳೆಂಟು ಮಂದಿ ಬಂದಿದ್ರು, ಮೈತುಂಬ ಕಲ್ಲಿನ ಧೂಳಿ, ಕಣ್ಣಷ್ಟ ಕಾಣತಿದ್ದವು. ಅವರೊಳಗ ಒಬ್ಬ ವಡಿವೇಲು. ಎರಡನೇ ದಿನ ಕಬ್ಬಿಣದ ಪೈಪು ಜಾರಿ ಅವನ ಎಡಗಾಲ ಮ್ಯಾಲ ಬಿತ್ತು. ರಾಯಬಾಗ ದವಾಖಾನಿಗೆ ಒಯ್ದು ಮಲಗಿಸಿದ್ರು. ನಮಗ ನೀರು ಬಿತ್ತು, ಗಾಡಿ ಸೊಲ್ಲಾಪುರ ಕಡೆ ಹೋತು, ಇಂವ ಒಬ್ಬ ಉಳದ.

ಎರಡು ತಿಂಗಳಿಗೆ ಕುಂಟಗೋತ ನಮ್ಮ ಬಾಗಲಿಗೆ ಬಂದ. ತಮ್ಮ ಹೊಲದಾಗ ಆದ ಪೆಟ್ಟು ಅಂತ ನಮ್ಮ ಮನಿಯವರ ಮನಸಿಗೆ ಹತ್ತಿತ್ತು. ಕಾಲು ನೆಟ್ಟಗಾಗೂತನಕ ಇರಲಿ ಅಂತ ಹೊಲದಾಗಿನ ಮೋಟರ್ ಖೋಲಿಯೊಳಗ ಜಾಗಾ ಕೊಟ್ರು. ವಡಿವೇಲು ಅನ್ನೂದು ನಮ್ಮ ನಾಲಿಗಿಗೆ ಒಗ್ಗಲಿಲ್ಲ, ವಾರದೊಳಗ ವೇಲಪ್ಪ ಆದ.

ಅವನ ಮಾತಂತೂ ಕೇಳಬ್ಯಾಡ್ರಿ. ಗಾಡಿಯವರ ಜೋಡಿ ಊರೂರು ತಿರುಗಿ ಕಲತ ಕನ್ನಡ, ಅದಕ್ಕ ಕಬ್ಬು ಕಡಿಯೋ ಮಂದಿಯ ಮರಾಠಿ ಬೆರಕಿ, ಎಲ್ಲಾದಕ್ಕೂ ತಮಿಳಿನ ರಾಗ. ಅಂಗಡ್ಯಾಗ ಅಂವ ಬೆಲ್ಲ ಕೇಳಿದ್ರ ಸಾಕು, ಮೂರು ಮಂದಿ ಅಣಕಸ್ತಿದ್ರು. ಅಂವ ಸಿಟ್ಟಾಗತಿರಲಿಲ್ಲ. ನಮ್ಮ ಮಾತಿಗೆ ತಮಿಳುನಾಡಿನಾಗೂ ನಗ್ತಾರ ಅಂದ. ಯಾಕೋ ಅಂದ್ರ ಅಂವ ಹುಟ್ಟಿದ್ದು ಸಿಲೋನಿನಾಗಂತ. ಮುತ್ತ್ಯಾನ ಕಾಲಕ್ಕ ಚಾದ ತೋಟಕ್ಕ ದುಡಿಯಾಕ ಹೋದವರು, ಇವನಿಗೆ ಹದಿನಾಕು ವರ್ಷ ಆದಾಗ ಸರಕಾರದವರು ಹಡಗಿನ್ಯಾಗ ಕುಂದ್ರಿಸಿ ಹೊಳ್ಳಿ ಕಳಿಸಿದ್ರಂತ. ಅಲ್ಲಿ ನೀವು ಇಂಡಿಯಾದವರು ಹೋಗ್ರಿ ಅಂದ್ರು, ಇಲ್ಲಿ ಇಳದ ಮ್ಯಾಲ ನೀವು ಸಿಲೋನಿನವರು ಅಂದ್ರು. ನಮಗ ಸಿಲೋನ್ ಅಂದ್ರ ಗೊತ್ತಿದ್ದದ್ದು ರೇಡಿಯೋ ಒಂದ. ಕೇಳಿ ಪಾಪ ಅನಿಸ್ತು, ಖರೆ. ಆದ್ರ ಬಾಯಿಲೆ ಅಂದದ್ದು, ಹೌದೇನಪಾ, ಹಂಗಾರ ನೀವು ಯಾವ ಮಂದಿ ಅಂತ.

ಇದು ನಮ್ಮ ಕಡೆ ರೂಢಿ. ಹೊಸಬರು ಬಂದ್ರ ಊಟ ಆತೇನು ಅಂತ ಕೇಳತೀವಿ, ಬೆನ್ನಿಗೆ ಯಾವ ಮಂದಿ ಅಂತ ಕೇಳತೀವಿ. ಎರಡನೇದ್ದು ತಿಳೀದ ಊಟಕ್ಕ ನೀಡಾಕ ಕೈ ಓಡಂಗಿಲ್ಲ. ವೇಲಪ್ಪ ಏನೋ ಒಂದು ಹೆಸರು ಹೇಳಿದ. ಅಂಥಾ ಜಾತಿ ನಾವು ಹುಟ್ಟಾ ಕೇಳಿದ್ದಿಲ್ಲ. ಮ್ಯಾಲಿಂದೋ ಕೆಳಗಿಂದೋ ಅಂತ ಊರ ಹಿರ್ಯಾರು ಕಟ್ಟಿ ಮ್ಯಾಲ ಕುಂತು ವಿಚಾರ ಮಾಡಿದ್ರು, ಬಗಿಹರೀಲಿಲ್ಲ.

ನಮ್ಮತ್ತಿ ಕಾಳವ್ವಗ ಇದರಿಂದ ಪೀಕಲಾಟ ಹತ್ತಿತು. ಆಳುಗಳಿಗೆ ಚಾ ಕುಡಿಯಾಕ ದನದ ಕೊಟ್ಟಿಗಿಯೊಳಗ ಅಲ್ಯುಮಿನಿಯಂ ಗಿಲಾಸು ಇದ್ದವು. ಅದರಾಗ ಕೊಟ್ಟು ಇಂವ ದೊಡ್ಡ ಮನಿತನದಂವ ಆಗಿದ್ರ ಪಾಪ ಸುತ್ತಗೋತೈತಿ. ಮನಿ ಕಪ್ಪಿನ್ಯಾಗ ಕೊಟ್ಟು ಹಂಗಲ್ಲದಂವ ಆಗಿದ್ರ ಮೈಲಿಗಿ. ಮೂರು ದಿನ ವಿಚಾರ ಮಾಡಿ ಮುದುಕಿ ಹಾರೂಗೇರಿ ಸಂತಿಗೆ ಹೋಗಿ, ಗುಲಾಬಿ ಹೂವಿನ ಹೊಸಾ ಚೀನಿ ಕಪ್ಪಬಸಿ ತಂದ್ಳು. ನಮ್ಮ ಮನ್ಯಾಗ ಅಷ್ಟು ಚಂದದ್ದು ಇನ್ನೊಂದಿರಲಿಲ್ಲ. ಅದು ವೇಲಪ್ಪಂದು. ಇಡೂದೆಲ್ಲಿ ಅಂದ್ರ ಕೊಟ್ಟಿಗಿ ಗ್ವಾಡಿಯ ಮಾಡದಾಗ, ಎತ್ತಿನ ಹಗ್ಗದ ಬಾಜೂಕ. ಅಂವ ತಾನ ಅದನ್ನ ತೊಳಕೊಂಡು ತರಬೇಕು, ನಾ ಮುಟ್ಟದ ಮ್ಯಾಲಿಂದ ಚಾ ಹನಿಸಬೇಕು. ಊರ ಮಂದಿಯ ತಪ್ಪು ಎತ್ತಿ ಆಡಾಕಿ ನಾ, ಮೂರು ವರ್ಷ ಹಂಗ ಹನಿಸೇನಿ. ಒಂದ ದಿನ ಇದ್ಯಾಕ ಹಿಂಗ ಅಂದಾಕಿ ಅಲ್ಲ. ಈಗ ನೆನಸಿದ್ರ ನನ್ನ ಮಾರಿಗೆ ನಾನ ಬಾರಿಸಿಕೋಬೇಕು ಅನಸತೈತಿ.

ಅಂವ ಬಂದ ಹೊಸದಾಗ ಸಾಲಿ ಮುಂದಿನ ಕೈಪಂಪು ಕೆಟ್ಟು ಇಪ್ಪತ್ತು ದಿನ ಆಗಿತ್ತು. ತಾಲೂಕಿನ ಮಿಸ್ತ್ರಿ ಇವತ್ತು ಬರತಾನ, ನಾಳೆ ಬರತಾನ. ವೇಲಪ್ಪ ನಟ್ಟು ತಿರುವೋ ಪಾನಾ ಒಂದು, ಒಂದು ಹಗ್ಗ ಇಸಕೊಂಡ, ಪೈಪು ಮ್ಯಾಲಕ್ಕೆತ್ತಿದ, ಹರಕ ಚಪ್ಪಲಿ ಚರ್ಮ ಕೊಯ್ದು ವಾಶರ್ ಮಾಡಿ ಹಾಕಿದ. ಹೊತ್ತು ಮುಳುಗೂದ್ರಾಗ ನೀರು. ಪೆಟ್ಟಾದ ಕಾಲು ಒಂದು ಕಡೆ ಚಾಚಿ ಕುಂತ ಕೆಲಸ ಮಾಡಿದ. ಅವತ್ತಿನಿಂದ ಯಾವ ಓಣಿ ಪಂಪು ಕೆಟ್ರೂ ವೇಲಪ್ಪಾ ಬಾರಪಾ. ಪಂಪು ನೆಟ್ಟಗಾತು ಅಂದ್ರ ಅಂವ ಯಾರೋ, ನಾವ್ಯಾರೋ.

ಎಂಬತ್ತೊಂಬತ್ತರಾಗ ಪಂಚಾಯತಿಯವರು ಊರ ಪಂಪೆಲ್ಲಾ ನಿನ್ನ ಕೈಯಾಗ ಕೊಡತೀವಿ, ತಿಂಗಳ ಪಗಾರ ಕೊಡತೀವಿ, ಇಲ್ಲೇ ಇರು ಅಂದ್ರು. ಅದ ಹೊತ್ತಿಗೆ ಬೋರ್ ಗಾಡಿ ಮಾಲಕನ ಕಾಗದ ಬಂತು, ದಸರಾದೊಳಗ ಬಂದ್ರ ಕೆಲಸ ಐತಿ, ಇಲ್ಲಂದ್ರ ಇಲ್ಲ ಅಂತ. ಆ ಕಾಲಿನ ಮ್ಯಾಲ ಮತ್ತ ಪೈಪು ಹೊರಾಕ ಹೋದ್ರ ಅಂವ ವರ್ಷ ಬಾಳೂದಿಲ್ಲ ಅನ್ನೂದು ಎಲ್ಲರಿಗೂ ಗೊತ್ತಿತ್ತು. ಇಲ್ಲೇ ಇರತೀನಿ, ಆದ್ರ ಹೆಂಡ್ತಿ ಕೂಸು ಬಿಟ್ಟು ಇನ್ನ ಇರೂದಾಗೂದಿಲ್ಲ ಅಂದ. ಆಕಿ ರಾಸಮ್ಮ, ತಮಿಳುನಾಡಿನ ಹೊಸೂರ ಕಡೆ ಕಲ್ಲಿನ ಕ್ವಾರಿಯೊಳಗ ಜಲ್ಲಿ ಒಡೀತಿದ್ಳು. ವರ್ಷಕ್ಕೊಮ್ಮೆ ಅಂವ ಹೋಗಿ ಬರತಿದ್ದ, ಈಗ ಎರಡು ವರ್ಷದ ಮಗಳಿದ್ಳು. ಹಾವು ಹರದಾಡೋ ಮೋಟರ್ ಖೋಲಿಯೊಳಗ ಕೂಸು ಇಡಾಕ ಆಗತೈತೇನು? ಊರಾಗ ಒಂದು ಖೋಲಿ ಬೇಕು.

ಐದು ಮನಿ ಕೇಳಿದ. ಒಬ್ಬರು ಮಗಳು ಬಾಣಂತನಕ್ಕ ಬರತಾಳಂದ್ರು, ಒಬ್ಬರು ಕಡ್ಲಿ ಚೀಲ ಇಡಬೇಕಂದ್ರು. ಕಡೀಕ ನಮ್ಮ ಮನಿಗೆ ಬಂದ. ಅಂಗಳದ ಬಾಜೂಕ ನಮ್ಮದೊಂದು ಗೊಬ್ಬರದ ಖೋಲಿ ಇತ್ತು. ನಮ್ಮ ಮನಿಯವರು ಹೂಂ ಅನ್ನಾಕ ತಯಾರು. ನಮ್ಮತ್ತಿ ಕೈ ಅಡ್ಡ ಹಿಡದ್ಳು, ಆ ಗ್ವಾಡಿ ನಮ್ಮ ದೇವರ ಮನಿಗೆ ಹತ್ತೇತಿ ಅಂದ್ಳು. ನಾ ಹಿಟ್ಟು ನಾದಕೋತ ನಿಂತಿದ್ನಿ. ವೇಲಪ್ಪ ಹೊಳ್ಳಿ ಹೋಗೂವಾಗ ನನಗಷ್ಟ ಕೇಳೂವಂಗ ಅಂದ, “ಪಂಪು ಕೆಟ್ಟರೆ ನಾನು ಬೇಕು, ಅಕ್ಕಾ. ಮಲಗಕ್ಕೆ ನಾನು ಬೇಡ.”

ಆ ಮಾತು ಎದ್ಯಾಗ ಮುಳ್ಳಾಗಿ ಕುಂತು ಬಿಡ್ತು. ಅವತ್ತ ಅತ್ತಿ ಜೋಡಿ ಜಗಳಾಡೇನಿ ನೋಡ್ರಿ, ಓಣಿ ಮಂದಿ ಬಾಗಲಿಗೆ ಬಂದು ನಿಂತಿದ್ರು. ಎರಡು ದಿನ ಆಕಿ ನನ್ನ ಜೋಡಿ ಮಾತಾಡಲಿಲ್ಲ. ಮೂರನೇ ದಿನ, ಅವನ ಹೆಂಡ್ತಿ ಬರಲಿ, ನೋಡಿ ಹೇಳತೀನಿ ಅಂದ್ಳು. ಹೆಣ್ಣಮಗಳ ನಡತಿ ಕಂಡ್ರ ಯಾವ ಮಂದಿ ಅನ್ನೂದು ತಿಳೀತೈತಿ ಅಂತ ಆಕಿ ಲೆಕ್ಕ. ಅತ್ತ ರಾಸಮ್ಮನೂ ಕಣ್ಣಿಲೆ ನೋಡದ ಗಂಟು ಕಟ್ಟಾಕಿ ಅಲ್ಲ ಅಂತ ಬರಿಸಿದ್ಳು. ಮೂರು ದಿನ ಇದ್ದು ನೋಡತಾಳ, ಮನಸಿಗೆ ಬಂದ್ರ ಉಳೀತಾಳ, ಇಲ್ಲಂದ್ರ ಗಂಡನ್ನ ಕರಕೊಂಡು ಹೋಗತಾಳ.

ದಸರಾಕ್ಕ ಎಂಟು ದಿನ ಇದ್ದಾಗ ತಾಯಿ ಮಗಳು ರಾಯಬಾಗ ಸ್ಟೇಷನ್ನಿಗೆ ಬಂದು ಇಳದ್ರು, ವೇಲಪ್ಪ ಹೋಗಿ ನಮ್ಮ ಮನಿಗೆ ಕರಕೊಂಡು ಬಂದ. ಮಧ್ಯಾಹ್ನ ಇಳಿ ಹೊತ್ತು. ಕರ್ರಗ, ಸಣ್ಣಾಕಿ, ಕ್ವಾರಿ ಕೆಲಸಕ್ಕ ಅಂಗೈ ಒಡದು ಬಿರಕು ಬಿಟ್ಟಿದ್ದವು. ಬಗಲಾಗ ಕೂಸು. ಹೊಸೂರ ಕಡೆ ಕನ್ನಡ ಆಕಿಗೆ ಬರತಿತ್ತು, ನಮ್ಮದಲ್ಲದ ಕನ್ನಡ, ಆದ್ರ ತಿಳೀತಿತ್ತು. ಅಂಗಳದಾಗ ಕುಂತ್ಳು, ನಮ್ಮತ್ತಿ ಕಟ್ಟಿ ಮ್ಯಾಲ ಅವರಿಕಾಯಿ ಸುಲೀತಿದ್ಳು, ನಾ ಒಲಿ ಮ್ಯಾಲ ಚಾಕ್ಕ ಇಟ್ಟಿದ್ನಿ. ರಾಸಮ್ಮ ನನ್ನ ಕಡೆ ನೋಡಿ ಸಣ್ಣಗ ನಕ್ಕಳು.

“ಅಕ್ಕಾ, ಇವರು ಕಾಗದ ಬರೆದಾಗೆಲ್ಲ ನಿಮ್ಮ ಮನೆ ಮಾತೇ ಬರೀತಿದ್ರು. ಇವರಿಗೇ ಅಂತ ಹೂವಿನ ಕಪ್ ತಂದಿದ್ದೀರಂತೆ. ಅದರಲ್ಲಿ ಬೇರೆ ಯಾರಿಗೂ ಕೊಡಲ್ಲವಂತೆ, ಅಷ್ಟು ಮರ್ಯಾದೆ ಮಾಡ್ತಾರೆ ಅಂತ ಬರೆದಿದ್ರು. ಆ ಕಪ್ ತೋರಿಸ್ತೀರಾ?”

ನಾ ವೇಲಪ್ಪನ ಕಡೆ ನೋಡಿದ್ನಿ. ಅಂವ ನೆಲ ನೋಡಾಕತ್ತಿದ್ದ. ಅವನಿಗೆ ಮೊದಲ ದಿನಾನ ಎಲ್ಲಾ ತಿಳದಿತ್ತು. ಮೂರು ವರ್ಷ ತಿಳದು ತಿಳದು ಕುಡದಿದ್ದ, ಹೆಂಡ್ತಿಗೆ ಮಾತ್ರ ನಮ್ಮನ್ನ ದೊಡ್ಡ ಮನಸಿನವರನ್ನ ಮಾಡಿ ಬರದಿದ್ದ. ಭೂಮಿ ಬಾಯಿ ಬಿಟ್ಟಿದ್ರ ಒಳಗ ಹೋಗಿ ಬಿಡತಿದ್ನಿ. ಊರಿಗೆಲ್ಲಾ ಬಾಯಿ ಮಾಡಾಕಿ, ಆ ಹೊತ್ತಿನ್ಯಾಗ ಬಾಯಿಗೆ ಬಂದದ್ದು ಸುಳ್ಳು. ಅದು ಮೊನ್ನೆ ಒಡೀತವ್ವಾ ಅಂದ್ನಿ. ಲಗೂನ ಒಳಗ ಹೋಗಿ ನಾವು ಕುಡಿಯೋ ಸ್ಟೀಲಿನ ಕಪ್ಪು ತಂದು, ಚಾ ಹಾಕಿ, ಆಕಿ ಕೈಯಾಗ ಕೊಟ್ನಿ. ಬಚಾವಾದ್ನಿ ಅನ್ನಕೊಂಡ್ನಿ.

ಅವರಿಕಾಯಿ ಸುಲಿಯೂದು ನಿಂತಿತ್ತು.

“ಸುಳ್ಳ ಹೇಳಬ್ಯಾಡ ಗಂಗವ್ವಾ,” ಅಂದ್ಳು ನಮ್ಮತ್ತಿ. ಆಮ್ಯಾಲ ರಾಸಮ್ಮನ ಕಡೆ ತಿರುಗಿದ್ಳು. “ಒಡದಿಲ್ಲ ಬೇ ತಂಗಿ. ಕೊಟ್ಟಿಗಿ ಮಾಡದಾಗ ಐತಿ. ನಿನ್ನ ಗಂಡ ಯಾವ ಮಂದಿ ಅಂತ ನಮಗ ತಿಳೀಲಿಲ್ಲ, ಅದಕ್ಕ ಹೊರಗಿಟ್ಟೀವಿ. ಇಟ್ಟಾಕಿ ನಾನ, ಈಕಿ ಅಲ್ಲ. ಮರ್ಯಾದಿಗೆ ಇಟ್ಟಿದ್ದಲ್ಲ ಅದು.”

ಮುಗೀತು ಅನ್ನಕೊಂಡ್ನಿ. ಈಗ ಈಕಿ ಕೂಸು ಬಗಲಾಗ ಹಾಕಿಕೊಂಡು ಏಳತಾಳ, ಇಂವ ಹಿಂದಿಂದ ಕುಂಟಗೋತ ಸ್ಟೇಷನ್ನಿಗೆ ನಡೀತಾನ, ದಸರಾ ಮುಗಿಯೂದ್ರಾಗ ಎಲ್ಯೋ ಪೈಪು ಹೊರತಿರತಾನ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಮುದುಕಿಗೆ ಖರೆ ಹೇಳಾಕ ಇದ ಹೊತ್ತು ಸಿಗಬೇಕಾ ಅಂತ ಸಿಟ್ಟೂ ಬಂತು, ಅಳೂನೂ ಬಂತು.

ರಾಸಮ್ಮ ಏಳಲಿಲ್ಲ. ಚಾ ಆರಿಸಿ ಕೂಸಿಗೆ ಒಂದು ಗುಟುಕು ಕುಡಿಸಿದ್ಳು, ಸೆರಗಿಲೆ ಅದರ ಬಾಯಿ ವರಸಿದ್ಳು.

“ನನಗೆ ಗೊತ್ತಿತ್ತಮ್ಮಾ,” ಅಂದ್ಳು ನಮ್ಮತ್ತಿಗೆ. “ಕಪ್ ಯಾಕೆ ಬೇರೆ ಇಡ್ತಾರೆ ಅಂತ ನಮ್ಮಂಥವರಿಗೆ ಯಾರಾದ್ರೂ ಹೇಳಿಕೊಡಬೇಕಾ? ಕೇಳಿದ್ರೆ ನಿಜ ಹೇಳ್ತೀರಾ ಇಲ್ವಾ, ಅದನ್ನೇ ನೋಡಕ್ಕೆ ಬಂದೆ.”

ವೇಲಪ್ಪ ತಲಿ ಎತ್ತಿ ಹೆಂಡ್ತಿ ಮಾರಿ ನೋಡಿದ. ಆಕಿಗೆ ಎಲ್ಲಾ ಗೊತ್ತೈತಿ ಅನ್ನೂದು ಅವನಿಗೂ ಗೊತ್ತಿರಲಿಲ್ಲ.

ನಮ್ಮತ್ತಿ ಮಡಲಾಗಿನ ಅವರಿಕಾಯಿ ಬುಟ್ಟಿಗೆ ಸುರವಿ, ನಡಾಕ ಸಿಗಸಿದ್ದ ಕೀಲಿಕೈ ತಗದ್ಳು. ಅದನ್ನ ನನ್ನ ಕೈಯಾಗ ಕೊಡಲಿಲ್ಲ, ರಾಸಮ್ಮನ ಕೈಯಾಗ ಕೊಟ್ಳು. ಖೋಲಿ ತುಂಬ ಗೊಬ್ಬರದ ಚೀಲ ಅದಾವ, ಸುಳ್ಳು ಹೇಳಿದಾಕಿ ಹೊರಗ ಹಾಕತಾಳ ಅಂದ್ಳು. ನಾ ಸೆರಗು ಸಿಗಿಸಿಕೊಂಡು ಒಬ್ಬಾಕಿನ ಚೀಲ ಎಳಕೊಂಡು ಅಂಗಳಕ್ಕ ತಂದ್ನಿ, ಒಂದು, ಎರಡು, ಮೂರು. ನಾಕನೇ ಚೀಲಕ್ಕ ರಾಸಮ್ಮ ಕೂಸನ್ನ ನಮ್ಮತ್ತಿ ತೊಡಿ ಮ್ಯಾಲ ಕುಂದ್ರಿಸಿ ಬಂದು, ಆ ಕಡೆ ತುದಿ ಹಿಡದ್ಳು.